ಮೆಗ್ನೀಸಿಯಂ ಕಾಲಂ ಖಾಲಿ ಬಿಡಬೇಡಿ: ಕಿಮೋ ವಾರ್ಡಿನ ನರ್ಸುಗಳಿಗೆ ಒಂದು ಬಹಿರಂಗ ಪತ್ರ

ಕಿಮೋಥೆರಪಿ ಡೇ ಕೇರ್ ವಾರ್ಡುಗಳಲ್ಲಿ ದುಡಿಯುವ ಸಿಸ್ಟರ್ ಮತ್ತು ಬ್ರದರ್‌ಗಳೇ,

ನಾನು ವೈದ್ಯಕೀಯ ಕಾಲೇಜೊಂದರಲ್ಲಿ ಬಯೋಕೆಮಿಸ್ಟ್ರಿ ಕಲಿಸುವವಳು, ನೀವು ಕಳಿಸುವ ರಕ್ತದ ಟ್ಯೂಬುಗಳು ಬಂದು ಸೇರುವ ಲ್ಯಾಬಿನ ಕಡೆಯವಳು. ಅನ್ನನಾಳ, ಜಠರ, ಕರುಳು, ಮೇದೋಜೀರಕ ಗ್ರಂಥಿ, ಪಿತ್ತನಾಳಗಳ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವವರ ರಿಪೋರ್ಟುಗಳನ್ನು ನೋಡುವಾಗ ಒಂದು ಕೊರತೆ ಮತ್ತೆ ಮತ್ತೆ ಎದ್ದು ಕಾಣುತ್ತದೆ. ಸೋಡಿಯಂ ಇರುತ್ತದೆ, ಪೊಟ್ಯಾಸಿಯಂ ಇರುತ್ತದೆ, ಕ್ಲೋರೈಡ್, ಕ್ರಿಯಾಟಿನಿನ್ ಇರುತ್ತವೆ. ಮೆಗ್ನೀಸಿಯಂ ಇರುವುದಿಲ್ಲ. ‘ಸೀರಂ ಎಲೆಕ್ಟ್ರೋಲೈಟ್ಸ್’ ಎಂದು ಬರೆದು ಕಳಿಸಿದರೆ ನಮ್ಮ ಬಹುತೇಕ ಲ್ಯಾಬುಗಳು ಅದನ್ನು ಮಾಡುವುದಿಲ್ಲ. ಬೇರೆಯಾಗಿ ಬರೆದರೆ ಮಾತ್ರ ಮಾಡುತ್ತವೆ. ಬರೆಯಲು ಯಾರಿಗಾದರೂ ನೆನಪಾಗಬೇಕು. ಆ ನೆನಪು ಮೊದಲು ಹುಟ್ಟಬಹುದಾದ ಜಾಗ ನಿಮ್ಮ ವಾರ್ಡು ಎಂಬುದು ನನ್ನ ಗಟ್ಟಿ ನಂಬಿಕೆ. ಅದಕ್ಕೇ ಈ ಪತ್ರವನ್ನು ವೈದ್ಯರಿಗೆ ಬರೆಯದೆ ನಿಮಗೆ ಬರೆಯುತ್ತಿದ್ದೇನೆ.

ನಿಮ್ಮ ಕೈಗೇ ಸಿಗುವ ಒಂದು ಚಿಹ್ನೆಯಿಂದ ಶುರುಮಾಡುತ್ತೇನೆ. ರೋಗಿಯ ತೋಳಿಗೆ ಬಿಪಿ ಪಟ್ಟಿ ಸುತ್ತಿ, ಮೇಲಿನ ಬಿಪಿಗಿಂತ ತುಸು ಹೆಚ್ಚು ಒತ್ತಡಕ್ಕೆ ಏರಿಸಿ, ಮೂರು ನಿಮಿಷ ಹಾಗೇ ಬಿಟ್ಟರೆ ಕೆಲವರ ಕೈ ತಾನಾಗಿ ಸೊಟ್ಟಗಾಗುತ್ತದೆ. ಮಣಿಕಟ್ಟು ಕೆಳಕ್ಕೆ ಬಾಗುತ್ತದೆ. ಬೆರಳುಗಳು ನೆಟ್ಟಗೆ ನಿಂತು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಹೆಬ್ಬೆರಳು ಅಂಗೈಯೊಳಗೆ ಸರಿಯುತ್ತದೆ. ಬಿಡಿಸಲು ಹೋದರೆ ರೋಗಿ ನೋವಿನಿಂದ ಮುಖ ಕಿವುಚುತ್ತಾರೆ. ಟ್ರೂಸೋ ಚಿಹ್ನೆ ಎಂದು ನರ್ಸಿಂಗ್ ಓದುವಾಗ ನೀವು ಬರೆದುಕೊಂಡದ್ದು ಇದನ್ನೇ. ಪುಸ್ತಕದಲ್ಲಿ ಇದು ಕ್ಯಾಲ್ಸಿಯಂ ಕೊರತೆಯ ಗುರುತು ಎಂದಿರುತ್ತದೆ, ಅದು ಸರಿಯೇ. ಆದರೆ ಕಿಮೋ ವಾರ್ಡಿನಲ್ಲಿ ಆ ಕ್ಯಾಲ್ಸಿಯಂ ಯಾಕೆ ಇಳಿಯಿತು ಎಂದು ಬೆನ್ನು ಹತ್ತಿದರೆ ಎಷ್ಟೋ ಸಲ ಸಿಗುವುದು ಮೆಗ್ನೀಸಿಯಂ. ಅದು ತೀರಾ ಇಳಿದಾಗ ಪ್ಯಾರಾಥೈರಾಯ್ಡ್ ಗ್ರಂಥಿ ತನ್ನ ಹಾರ್ಮೋನನ್ನು ಸರಿಯಾಗಿ ಬಿಡುಗಡೆ ಮಾಡುವುದಿಲ್ಲ, ಬಿಡುಗಡೆಯಾದ ಹಾರ್ಮೋನಿನ ಮಾತನ್ನು ಮೂಳೆ ಕೇಳುವುದಿಲ್ಲ. ಅಂಥವರಿಗೆ ಕ್ಯಾಲ್ಸಿಯಂ ಎಷ್ಟು ಹಾಕಿದರೂ ನಿಲ್ಲುವುದಿಲ್ಲ.

ಪೊಟ್ಯಾಸಿಯಂ ಕಥೆಯೂ ಹೀಗೇ. ಡ್ರಿಪ್ಪಿನಲ್ಲಿ ಕೆಸಿಎಲ್ ಹಾಕಿದ್ದೀರಿ, ಮರುದಿನದ ರಿಪೋರ್ಟಿನಲ್ಲಿ ಮತ್ತೆ ಕಡಿಮೆ. ಇನ್ನೊಂದು ಆಂಪೂಲು, ಮತ್ತೆ ಕಡಿಮೆ. ಮೂತ್ರಪಿಂಡದ ಕೊನೆಯ ನಾಳಗಳ ಜೀವಕೋಶಗಳಲ್ಲಿ ಪೊಟ್ಯಾಸಿಯಂ ಹೊರಹೋಗುವ ಚಾನೆಲ್ಲಿನ ಬಾಯಿಗೆ ಒಳಗಿನಿಂದ ಅಡ್ಡ ನಿಲ್ಲುವುದು ಮೆಗ್ನೀಸಿಯಂ ಅಯಾನು. ಅದಿಲ್ಲದಿದ್ದರೆ ನೀವು ಹಾಕಿದ ಪೊಟ್ಯಾಸಿಯಂ ಮೂತ್ರದಲ್ಲಿ ಹರಿದುಹೋಗುತ್ತದೆ. ಪೊಟ್ಯಾಸಿಯಂ ಹಟ ಹಿಡಿದಿದೆ ಎನ್ನಿಸಿದ ದಿನ ಮೆಗ್ನೀಸಿಯಂ ಅಳೆಸಿ ಎಂದು ಕೇಳುವ ಪೂರ್ತಿ ಹಕ್ಕು ನಿಮಗಿದೆ.

ಈಗ ಸ್ವಲ್ಪ ಒಳಗೆ ಹೋಗೋಣ. ಈ ವಿಷಯದಲ್ಲಿ ರೋಗ, ಔಷಧಿ, ಅಡ್ಡಪರಿಣಾಮ ಮೂರೂ ಒಂದೇ ಜಾಗದಲ್ಲಿ ಬಂದು ಸೇರುತ್ತವೆ. ಆ ಜಾಗ ಗೊತ್ತಿದ್ದರೆ ವಾರ್ಡಿನಲ್ಲಿ ಕಾಣುವ ಎಷ್ಟೋ ಬಿಡಿಬಿಡಿ ತೊಂದರೆಗಳಿಗೆ ನಂಟು ಸಿಗುತ್ತದೆ.

ವಯಸ್ಕರೊಬ್ಬರ ಮೈಯಲ್ಲಿ ಸುಮಾರು 25 ಗ್ರಾಂ ಮೆಗ್ನೀಸಿಯಂ ಇರುತ್ತದೆ. ಅರ್ಧಕ್ಕಿಂತ ಹೆಚ್ಚು ಮೂಳೆಯಲ್ಲಿದೆ; ಉಳಿದದ್ದರಲ್ಲಿ ಬಹುಪಾಲು ಮಾಂಸಖಂಡ ಮತ್ತು ಇತರ ಅಂಗಾಂಶಗಳ ಜೀವಕೋಶಗಳ ಒಳಗಿದೆ. ನಾವು ಲ್ಯಾಬಿನಲ್ಲಿ ಅಳೆಯುವ ಸೀರಂನಲ್ಲಿರುವುದು ಶೇಕಡಾ 1ಕ್ಕಿಂತ ಕಡಿಮೆ. ಹೀಗಾಗಿ ಸೀರಂ ಅಂಕಿ ಸರಿಯಿದ್ದ ಮಾತ್ರಕ್ಕೆ ಮೈಯ ದಾಸ್ತಾನು ಸರಿಯಿದೆ ಎನ್ನುವಂತಿಲ್ಲ. ಸೀರಂ ಅಂಕಿಯೇ ಇಳಿದಿದ್ದರೆ ಅದನ್ನು ಹಗುರವಾಗಿ ನೋಡುವಂತೆಯೂ ಇಲ್ಲ.

ಜೀವಕೋಶದೊಳಗೆ ಇದರ ಕೆಲಸವೇನು? ಶಕ್ತಿಯ ನಾಣ್ಯ ಎಂದು ನಾವು ಪಾಠ ಮಾಡುವ ಎಟಿಪಿ ಒಂಟಿಯಾಗಿ ಕೆಲಸ ಮಾಡುವುದೇ ಇಲ್ಲ, ಮೆಗ್ನೀಸಿಯಂ ಜೊತೆ ಕೂಡಿಕೊಂಡೇ ಮಾಡುತ್ತದೆ. ಡಿಎನ್ಎ ನಕಲು ಮಾಡುವ ಕಿಣ್ವಕ್ಕೂ ಕೆಟ್ಟ ಡಿಎನ್ಎ ದುರಸ್ತಿ ಮಾಡುವ ಕಿಣ್ವಕ್ಕೂ ಅದು ಬೇಕು. ಪ್ರೋಟೀನು ಹೆಣೆಯುವ ರೈಬೋಸೋಮು ತನ್ನ ಆಕಾರದಲ್ಲಿ ನಿಲ್ಲಲೂ ಅದು ಬೇಕು. ಬೇಗ ಬೇಗ ಒಡೆದು ಬೆಳೆಯುವ ಜೀವಕೋಶಕ್ಕೆ ಇದು ಇನ್ನೂ ಹೆಚ್ಚು ಬೇಕು ಎಂಬುದು ಇಷ್ಟರಿಂದಲೇ ತಿಳಿಯುತ್ತದೆ. ಕ್ಯಾನ್ಸರ್ ಜೀವಕೋಶ ಅಂಥದ್ದೇ.

ಆದರೆ ಮೆಗ್ನೀಸಿಯಂ ತನ್ನಷ್ಟಕ್ಕೆ ತಾನು ಪೊರೆ ದಾಟಲಾರದು. ನೀರಿನ ಅಣುಗಳನ್ನು ಮೈಗೆ ಬಿಗಿಯಾಗಿ ಅಂಟಿಸಿಕೊಂಡ ಅಯಾನು ಅದು. ಅದಕ್ಕೆಂದೇ ರೂಪುಗೊಂಡ ಪ್ರೋಟೀನುಗಳು ಬೇಕು. ಕೆರೆಯಲ್ಲಿ ನೀರು ಎಷ್ಟಿದೆ ಎನ್ನುವುದಕ್ಕಿಂತ ತೂಬು ಯಾರ ಕೈಯಲ್ಲಿದೆ ಎನ್ನುವುದೇ ಕೆಳಗಿನ ಗದ್ದೆಯ ಹಣೆಬರಹ ಬರೆಯುತ್ತದಲ್ಲ, ಮೆಗ್ನೀಸಿಯಂ ವಿಚಾರವೂ ಹಾಗೆಯೇ. ಈ ಪತ್ರದಲ್ಲಿ ನಾನು ಹೇಳಬೇಕೆಂದಿರುವುದರ ತಿರುಳು ಅದು. ಮೆಗ್ನೀಸಿಯಂ ಒಳ್ಳೆಯದೋ ಕೆಟ್ಟದ್ದೋ ಎಂದು ಜನ ವಾದಿಸುತ್ತಾರೆ. ಅದು ಯಾವ ಜೀವಕೋಶದೊಳಗೆ, ಯಾವ ದಾರಿಯಿಂದ, ಯಾರ ಅಪ್ಪಣೆಯ ಮೇಲೆ ಹೋಗುತ್ತಿದೆ ಎಂದು ಕೇಳಿದಾಗಷ್ಟೇ ಉತ್ತರಕ್ಕೆ ಅರ್ಥ ಬರುತ್ತದೆ.

ಊಟದ ಮೆಗ್ನೀಸಿಯಂನಲ್ಲಿ ಹೆಚ್ಚಿನ ಪಾಲು ಸಣ್ಣ ಕರುಳಿನಲ್ಲಿ, ಜೀವಕೋಶಗಳ ನಡುವಿನ ಸಂದಿಗಳ ಮೂಲಕ, ರಕ್ತ ಸೇರುತ್ತದೆ. ದೊಡ್ಡ ಕರುಳಿನಲ್ಲಿ ಅದು ಜೀವಕೋಶಗಳನ್ನು ಹಾದೇ ಹೋಗಬೇಕು. ಅಲ್ಲಿ ದಾರಿ ಕೊಡುವ ಚಾನೆಲ್ಲುಗಳ ಹೆಸರು ಟಿಆರ್‌ಪಿಎಂ6 ಮತ್ತು ಟಿಆರ್‌ಪಿಎಂ7. ಎರಡೂ ವಿಚಿತ್ರ ಪ್ರೋಟೀನುಗಳು: ಒಂದು ತುದಿ ಅಯಾನುಗಳನ್ನು ಒಳಬಿಡುವ ಚಾನೆಲ್ಲು, ಇನ್ನೊಂದು ತುದಿ ಬೇರೆ ಪ್ರೋಟೀನುಗಳಿಗೆ ಫಾಸ್ಫೇಟು ಅಂಟಿಸುವ ಕಿಣ್ವ. ಮೂತ್ರಪಿಂಡದಲ್ಲೂ ಟಿಆರ್‌ಪಿಎಂ6 ಇದೆ. ದಿನಕ್ಕೆ ಸುಮಾರು 2.4 ಗ್ರಾಂ ಮೆಗ್ನೀಸಿಯಂ ಮೂತ್ರಪಿಂಡದ ಜರಡಿಯಿಂದ ಕೆಳಗಿಳಿಯುತ್ತದೆ; ಶೇಕಡಾ 95ಕ್ಕಿಂತ ಹೆಚ್ಚು ಮತ್ತೆ ರಕ್ತಕ್ಕೆ ಮರಳುತ್ತದೆ. ಮರಳಿಸುವ ಕೆಲಸದ ಬಹುಭಾಗ ಮೊದಲೇ ಮುಗಿದಿರುತ್ತದಾದರೂ ಕೊನೆಯ ತೀರ್ಮಾನ ನಡೆಯುವುದು ದೂರದ ಸುರುಳಿನಾಳದಲ್ಲಿ, ಟಿಆರ್‌ಪಿಎಂ6 ಮೂಲಕ. ಅಲ್ಲಿ ತಪ್ಪಿದ್ದು ಮುಂದೆ ಎಲ್ಲೂ ಸಿಗುವುದಿಲ್ಲ.

ಇನ್ನು ಸೆಟುಕ್ಸಿಮಾಬ್. 2004ರ ಫೆಬ್ರುವರಿಯಲ್ಲಿ ಅಮೆರಿಕದ ಎಫ್‌ಡಿಎ ದೊಡ್ಡ ಕರುಳಿನ ಹರಡಿದ ಕ್ಯಾನ್ಸರಿಗೆ ಇದನ್ನು ಒಪ್ಪಿತು. ಜೀವಕೋಶದ ಮೇಲ್ಮೈಯಲ್ಲಿರುವ ಇಜಿಎಫ್‌ಆರ್ ಎಂಬ ಗ್ರಾಹಕಕ್ಕೆ ಅಂಟಿಕೊಂಡು, ‘ಬೆಳೆ’ ಎಂದು ಹೇಳುವ ಇಜಿಎಫ್ ಸಂಕೇತ ಒಳಗೆ ಹೋಗದಂತೆ ತಡೆಯುವ ಆಂಟಿಬಾಡಿ ಇದು. ಮಾರನೆಯ ವರ್ಷವೇ ಈ ಔಷಧಿ ಪಡೆದವರಲ್ಲಿ ಮೆಗ್ನೀಸಿಯಂ ಕುಸಿಯುತ್ತಿದೆ ಎಂಬ ವರದಿಗಳು ಬಂದವು. 2007ರಲ್ಲಿ ಬೆಲ್ಜಿಯಂನ ಲ್ಯೂವೆನ್‌ನ ಸಬೀನ್ ತೇಜ್ಪರ್ ಮತ್ತು ಸಂಗಡಿಗರು 98 ರೋಗಿಗಳ ಲೆಕ್ಕ ಕೊಟ್ಟರು: 95 ಜನರಲ್ಲಿ ಚಿಕಿತ್ಸೆ ಸಾಗಿದಂತೆ ಮೆಗ್ನೀಸಿಯಂ ಇಳಿದಿತ್ತು. ಅಪರೂಪದ ಅಡ್ಡಪರಿಣಾಮ ಎನ್ನಲು ಇನ್ನು ದಾರಿಯಿರಲಿಲ್ಲ.

ಯಾಕೆ ಹೀಗೆ ಎಂಬುದಕ್ಕೆ ಉತ್ತರ ಅದೇ ವರ್ಷ ಕ್ಯಾನ್ಸರಿಗೆ ಸಂಬಂಧವೇ ಇಲ್ಲದ ಕಡೆಯಿಂದ ಬಂತು. ನೆದರ್‌ಲ್ಯಾಂಡ್ಸಿನ ನೈಮೇಗನ್‌ನ ರೆನೆ ಬಿಂಡೆಲ್ಸ್ ಅವರ ತಂಡ ಮೂತ್ರದಲ್ಲಿ ಮೆಗ್ನೀಸಿಯಂ ಕಳೆದುಕೊಳ್ಳುವ ಹುಟ್ಟು ಕಾಯಿಲೆಯಿದ್ದ ಇಬ್ಬರು ಅಕ್ಕತಂಗಿಯರ ವಂಶವಾಹಿಗಳನ್ನು ಹುಡುಕುತ್ತಿತ್ತು. ದೋಷ ಸಿಕ್ಕಿದ್ದು ಇಜಿಎಫ್ ತಯಾರಿಸುವ ಜೀನಿನಲ್ಲಿ. ಗಾಯ ಮಾಯಿಸುವ, ಚರ್ಮ ಬೆಳೆಸುವ ಸಂಕೇತ ಎಂದು ಎಲ್ಲರೂ ತಿಳಿದಿದ್ದ ಇಜಿಎಫ್, ಮೂತ್ರಪಿಂಡದಲ್ಲಿ ಟಿಆರ್‌ಪಿಎಂ6ಗೆ ‘ತೆರೆದುಕೋ’ ಎಂದು ಹೇಳುವ ಹಾರ್ಮೋನೂ ಆಗಿತ್ತು! ಸೆಟುಕ್ಸಿಮಾಬ್ ಆ ಅಪ್ಪಣೆಯನ್ನು ತಡೆಯುತ್ತದೆ ಎಂಬುದನ್ನೂ ಅದೇ ಲೇಖನದಲ್ಲಿ ತೋರಿಸಿದರು. ಇಬ್ಬರು ಸೋದರಿಯರ ಅಪರೂಪದ ಕಾಯಿಲೆ ಲೋಕದ ಸಾವಿರಾರು ಕರುಳು ಕ್ಯಾನ್ಸರ್ ರೋಗಿಗಳ ರಿಪೋರ್ಟಿಗೆ ಅರ್ಥ ಕೊಟ್ಟಿತು. ಬಯೋಕೆಮಿಸ್ಟ್ರಿ ಕಲಿಸುವ ನನ್ನಂಥವಳಿಗೆ ಇದಕ್ಕಿಂತ ಮನಸ್ಸು ತುಂಬುವ ಕಥೆ ಇನ್ನೊಂದಿಲ್ಲ. ಪ್ರತಿ ಬ್ಯಾಚಿಗೂ ಹೇಳುತ್ತೇನೆ.

ನಿಮ್ಮ ಕೆಲಸಕ್ಕೆ ಇದರ ಅರ್ಥ ಏನು? ಈ ಔಷಧಿ ಗೆಡ್ಡೆಯಲ್ಲಿ ಏನು ಮಾಡುತ್ತದೋ ಮೂತ್ರಪಿಂಡದಲ್ಲೂ ಅದನ್ನೇ ಮಾಡುತ್ತದೆ, ಮುಖದ ಮೇಲೆ ಮೊಡವೆಯಂಥ ದದ್ದು ಎಬ್ಬಿಸುವಾಗಲೂ ಅದನ್ನೇ. ಮೂತ್ರಪಿಂಡ ಹಾಳಾಗಿರುವುದಿಲ್ಲ, ಅಪ್ಪಣೆ ತಲುಪಿರುವುದಿಲ್ಲ, ಅಷ್ಟೇ. ಹೀಗಾಗಿ ಕ್ರಿಯಾಟಿನಿನ್ ಸರಿಯಾಗಿಯೇ ಇರುತ್ತದೆ. ಕ್ರಿಯಾಟಿನಿನ್ ನೋಡಿ ‘ಕಿಡ್ನಿ ಚೆನ್ನಾಗಿದೆ’ ಎಂದು ಫೈಲು ಮುಚ್ಚಿದವರಿಗೆ ಮೆಗ್ನೀಸಿಯಂ ಸೋರಿಕೆ ಕಾಣುವುದೇ ಇಲ್ಲ. ಪ್ಯಾನಿಟುಮುಮಾಬ್ ಕೂಡ ಇದೇ ಜಾತಿಯ ಔಷಧಿ, ಅದಕ್ಕೂ ಇದೇ ಎಚ್ಚರ ಬೇಕು.

ಸಿಸ್‌ಪ್ಲಾಟಿನ್ ವಿಷಯ ಬೇರೆ. ಜಠರ, ಅನ್ನನಾಳ, ಪಿತ್ತನಾಳದ ಕ್ಯಾನ್ಸರುಗಳಿಗೆ ನೀವು ಹಾಕುವ ಈ ಔಷಧಿ ಮೂತ್ರಪಿಂಡದ ನಾಳಗಳನ್ನೇ ಗಾಸಿ ಮಾಡುತ್ತದೆ. ಅದರಿಂದ ಮೆಗ್ನೀಸಿಯಂ ಸೋರುತ್ತದೆ ಎಂಬುದು 1979ರಿಂದಲೇ ಗೊತ್ತು. ಔಷಧಿ ನಿಲ್ಲಿಸಿ ತಿಂಗಳುಗಳಾದರೂ ಸೋರಿಕೆ ಮುಂದುವರಿಯಬಹುದು. ಸಿಸ್‌ಪ್ಲಾಟಿನ್‌ಗೆ ಮೊದಲು ಹರಿಸುವ ಸಲೈನಿನಲ್ಲಿ ಮೆಗ್ನೀಸಿಯಂ ಸಲ್ಫೇಟ್ ಸೇರಿಸುವುದು ಬರೀ ಶಾಸ್ತ್ರಕ್ಕಲ್ಲ. ಮೆಗ್ನೀಸಿಯಂ ಕೊರತೆ ಇದ್ದರೆ ಸಿಸ್‌ಪ್ಲಾಟಿನ್ ಮೂತ್ರಪಿಂಡವನ್ನು ಇನ್ನಷ್ಟು ಕಾಡುತ್ತದೆ. ಆತುರದ ದಿನ ‘ಅದೊಂದು ಬಿಟ್ಟರೆ ನಡೆಯುತ್ತೆ’ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ.

ಮೂತ್ರಪಿಂಡದ ಮಾತು ಇಷ್ಟು ಸಾಕು. ಗೆಡ್ಡೆಯ ಒಳಗೆ ಏನಾಗುತ್ತದೆ?

2001ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಬರ್ಟ್ ವೋಗಲ್‌ಸ್ಟೈನ್ ತಂಡ ದೊಡ್ಡ ಕರುಳಿನಿಂದ ಲಿವರಿಗೆ ಹರಡಿದ ಕ್ಯಾನ್ಸರಿನ ತುಣುಕುಗಳಲ್ಲಿ ಯಾವ ಜೀನು ಅತಿಯಾಗಿ ಕೆಲಸ ಮಾಡುತ್ತಿದೆ ಎಂದು ಹುಡುಕಿತು. ಪರೀಕ್ಷಿಸಿದ 18 ಹರಡುಗೆಡ್ಡೆಗಳಲ್ಲಿ ಹದಿನೆಂಟರಲ್ಲೂ ಒಂದು ಜೀನು ಜೋರಾಗಿತ್ತು: ಪಿಆರ್‌ಎಲ್-3. ಹರಡದ ಗೆಡ್ಡೆಗಳಲ್ಲಿ, ಆರೋಗ್ಯವಂತ ಕರುಳಿನಲ್ಲಿ ಅದು ಅಷ್ಟಾಗಿ ಇರಲಿಲ್ಲ. ಅದು ಮಾಡುವುದಾದರೂ ಏನು ಎಂದು ವರ್ಷಗಟ್ಟಲೆ ಯಾರಿಗೂ ಸರಿಯಾಗಿ ತಿಳಿಯಲಿಲ್ಲ. ಹೆಸರಿಗೆ ಅದು ಫಾಸ್ಫೇಟು ಕೀಳುವ ಕಿಣ್ವ, ಆದರೆ ಯಾವುದರಿಂದ ಕೀಳುತ್ತದೆ ಎಂಬುದಕ್ಕೆ ಒಪ್ಪುವಂಥ ಉತ್ತರ ಸಿಕ್ಕಿರಲಿಲ್ಲ.

2014ರಲ್ಲಿ ಜಪಾನಿನ ಒಸಾಕಾ ವಿಶ್ವವಿದ್ಯಾಲಯದ ಹಿರೋಆಕಿ ಮಿಕಿ ಅವರ ತಂಡ ಈ ಗಂಟನ್ನು ಮೆಗ್ನೀಸಿಯಂ ಕಡೆಯಿಂದ ಬಿಚ್ಚಿತು. ಕರುಳಿನ ಜೀವಕೋಶದ ರಕ್ತದ ಕಡೆಯ ಪೊರೆಯಲ್ಲಿ ಸಿಎನ್ಎನ್ಎಂ4 ಎಂಬ ಪ್ರೋಟೀನಿದೆ. ಒಳಬಂದ ಮೆಗ್ನೀಸಿಯಂ ಹೊರಕ್ಕೆ, ರಕ್ತದ ಕಡೆಗೆ, ಹೋಗಲು ಅದು ಬೇಕು. ಪಿಆರ್‌ಎಲ್ ಇದೇ ಪ್ರೋಟೀನಿಗೆ ಅಂಟಿಕೊಂಡು ಅದರ ಕೆಲಸ ತಡೆಯುತ್ತದೆ ಎಂದು ಅವರು ಕಂಡುಕೊಂಡರು. ಅಂದರೆ ಹರಡುವ ಕ್ಯಾನ್ಸರು ಮಾಡುವ ಕೆಲಸಗಳಲ್ಲಿ ಒಂದು, ಮೆಗ್ನೀಸಿಯಂ ಹೊರಹೋಗುವ ದಾರಿಯನ್ನು ಮುಚ್ಚುವುದು. ಒಳಗೆ ಮೆಗ್ನೀಸಿಯಂ ಏರಿದರೆ ಎಟಿಪಿ ಏರುತ್ತದೆ, ಬೆಳವಣಿಗೆಯ ಸಂಕೇತಗಳು ಜೋರಾಗುತ್ತವೆ.

ಅವರ ಇಲಿ ಪ್ರಯೋಗವನ್ನು ನಾನು ಮರೆಯಲಾರೆ. ಎಪಿಸಿ ಎಂಬ ಜೀನು ಕೆಟ್ಟ ಇಲಿಗಳ ಕರುಳಿನಲ್ಲಿ ಪಾಲಿಪುಗಳು ಮೂಡುತ್ತವೆ. ಮನುಷ್ಯರಲ್ಲಿ ವಂಶಪಾರಂಪರ್ಯವಾಗಿ ಕರುಳು ತುಂಬ ಪಾಲಿಪು ಬರುವ ಕಾಯಿಲೆಗೂ ಇದೇ ಜೀನು ಕಾರಣ. ಆ ಇಲಿಗಳ ಪಾಲಿಪುಗಳು ಸಾಮಾನ್ಯವಾಗಿ ಒಳಪದರದಲ್ಲೇ ಉಳಿಯುತ್ತವೆ. ಸಿಎನ್ಎನ್ಎಂ4 ಜೀನನ್ನೂ ತೆಗೆದುಹಾಕಿದಾಗ ಅವು ಕರುಳಿನ ಸ್ನಾಯುಪದರದೊಳಗೆ ಬೇರು ಬಿಟ್ಟವು. ಮಾಂಸದೊಳಗೆ ಇಳಿಯದ ಪಾಲಿಪು ಮತ್ತು ಇಳಿದ ಕ್ಯಾನ್ಸರು, ಇವೆರಡರ ನಡುವಿನ ಅಂತರ ಎಷ್ಟು ದೊಡ್ಡದು ಎಂಬುದು ಆಪರೇಷನ್ ಆದವರ ಬಯಾಪ್ಸಿ ರಿಪೋರ್ಟು ಕೈಯಲ್ಲಿ ಹಿಡಿದು ನಿಂತ ಮನೆಯವರ ಮುಖ ನೋಡಿದ ನಿಮಗೆ ನಾನು ಹೇಳಬೇಕಿಲ್ಲ.

ಸಿಎನ್ಎನ್ಎಂ4 ತಾನೇ ಮೆಗ್ನೀಸಿಯಂ ಸಾಗಿಸುತ್ತದೋ, ಸಾಗಿಸುವ ಬೇರೆಯದನ್ನು ನಿಯಂತ್ರಿಸುತ್ತದೋ ಎಂಬ ಬಗ್ಗೆ ವಿಜ್ಞಾನಿಗಳ ನಡುವೆ ಜಟಾಪಟಿ ನಡೆದಿದೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಮೈಕೆಲ್ ಟ್ರೆಂಬ್ಲೆ ಅವರ ಗುಂಪು ಇದೇ ಕುಟುಂಬಗಳ ಪಿಆರ್‌ಎಲ್-2 ಮತ್ತು ಸಿಎನ್ಎನ್ಎಂ3 ಜೋಡಿಯಿಂದಲೂ ಜೀವಕೋಶದ ಮೆಗ್ನೀಸಿಯಂ ಏರುವುದನ್ನು ತೋರಿಸಿತು. ಸಿಎನ್ಎನ್ಎಂ ಕುಟುಂಬದ ಪ್ರೋಟೀನುಗಳು ಟಿಆರ್‌ಪಿಎಂ7ಗೆ ಅಂಟಿಕೊಂಡು ಅದನ್ನು ಚುರುಕುಗೊಳಿಸುತ್ತವೆ ಎಂಬ ಫಲಿತಾಂಶವೂ 2021ರಲ್ಲಿ ಬಂತು. ಟಿಆರ್‌ಪಿಎಂ7 ಅಂತೂ ಮೇದೋಜೀರಕ ಗ್ರಂಥಿಯ, ಜಠರದ, ದೊಡ್ಡ ಕರುಳಿನ ಕ್ಯಾನ್ಸರುಗಳಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ಪ್ರಯೋಗಾಲಯದಲ್ಲಿ ಅದನ್ನು ತಗ್ಗಿಸಿದರೆ ಈ ಜೀವಕೋಶಗಳ ಬೆಳವಣಿಗೆಯೋ ಓಡಾಟವೋ ಕುಗ್ಗುತ್ತದೆ. ಆದರೆ ಎಲ್ಲ ಗೆಡ್ಡೆಗೂ ಒಂದೇ ಚಿತ್ರ ಹೊಂದುವುದಿಲ್ಲ. ಡಾಕ್ಸೊರುಬಿಸಿನ್‌ಗೆ ಬಗ್ಗದ ಕರುಳು ಕ್ಯಾನ್ಸರ್ ಜೀವಕೋಶಗಳಲ್ಲಿ ಟಿಆರ್‌ಪಿಎಂ7 ಕಡಿಮೆಯಿದ್ದೂ ಒಳಗಿನ ಮೆಗ್ನೀಸಿಯಂ ಹೆಚ್ಚಿರುವುದನ್ನು ಇಟಲಿಯ ಸಂಶೋಧಕರು ಕಂಡಿದ್ದಾರೆ. ಈ ಪ್ರೋಟೀನುಗಳನ್ನು ಗುರಿಯಾಗಿಸಿದ ಔಷಧಿ ನಿಮ್ಮ ವಾರ್ಡಿನ ಟ್ರಾಲಿಗೆ ಬರುವ ದಿನ ಇನ್ನೂ ದೂರವಿದೆ.

ಇಲ್ಲಿಗೆ ಬಂದಾಗ ಮನೆಯವರು ನಿಮ್ಮನ್ನು ಕೇಳುವ ಪ್ರಶ್ನೆ ಎದ್ದೇ ಏಳುತ್ತದೆ. ‘ಸಿಸ್ಟರ್, ಮೆಗ್ನೀಸಿಯಂ ಗೆಡ್ಡೆಗೂ ಬೇಕಂತೆ. ಡ್ರಿಪ್ಪಿನಲ್ಲಿ ಹಾಕಿದರೆ ಅದಕ್ಕೇ ಊಟ ಹಾಕಿದ ಹಾಗಾಗಲ್ವಾ?’ ಮೊಬೈಲಿನಲ್ಲಿ ಏನೋ ಓದಿಕೊಂಡು ಬಂದಿರುತ್ತಾರೆ. ಅವರ ಭಯ ನಿಜವಾದದ್ದು, ಅದನ್ನು ಗದರಿ ಕಳಿಸಬಾರದು. ನಾನಾದರೆ ಹೀಗೆ ಹೇಳುತ್ತೇನೆ: ‘ಗೆಡ್ಡೆ ತನಗೆ ಬೇಕಾದದ್ದನ್ನು ಹೇಗೋ ಹಿಡಿದಿಟ್ಟುಕೊಳ್ಳುತ್ತದೆ, ಅದರ ದಾರಿಗಳೇ ಬೇರೆ. ರಕ್ತದಲ್ಲಿ ಇಳಿದರೆ ಮೊದಲು ತೊಂದರೆಯಾಗುವುದು ಗೆಡ್ಡೆಗಲ್ಲ, ನಿಮ್ಮ ತಂದೆಯ ಹೃದಯದ ಬಡಿತಕ್ಕೆ. ಇಳಿದದ್ದನ್ನು ಸರಿಯಾದ ಮಟ್ಟಕ್ಕೆ ತರುತ್ತಿದ್ದೇವೆ, ಅದಕ್ಕಿಂತ ಮೇಲೆ ಏರಿಸುತ್ತಿಲ್ಲ.’ ಇದಕ್ಕೆ ಇನ್ನೊಂದು ಮಾತನ್ನೂ ಸೇರಿಸಬಹುದು. 2022ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್‌ನ ಕ್ರಿಸ್ಟೋಫ್ ಹೆಸ್ ಮತ್ತು ಸಂಗಡಿಗರು, ಕ್ಯಾನ್ಸರನ್ನು ಕೊಲ್ಲುವ ಟಿ ಜೀವಕೋಶಗಳು ಗುರಿಯನ್ನು ಗಟ್ಟಿಯಾಗಿ ಹಿಡಿಯಲು ಅವುಗಳ ಹೊರಗೆ ಸಾಕಷ್ಟು ಮೆಗ್ನೀಸಿಯಂ ಇರಬೇಕು ಎಂದು ತೋರಿಸಿದರು. ಗೆಡ್ಡೆಯನ್ನು ಉಪವಾಸ ಕೆಡವುತ್ತೇವೆಂದು ಹೊರಟರೆ ಮೊದಲು ಉಪವಾಸ ಬೀಳುವವರು ನಮ್ಮ ಕಡೆಯವರೇ.

ಇದಕ್ಕೆ ಎದುರು ದಿಕ್ಕಿನ ಹುಚ್ಚೂ ಇದೆ: ಮೆಗ್ನೀಸಿಯಂ ಮಾತ್ರೆ ಕ್ಯಾನ್ಸರ್ ವಾಸಿಮಾಡುತ್ತದೆ ಎಂಬ ವಾಟ್ಸ್ಆ್ಯಪ್ ಸಂದೇಶಗಳು. ಸ್ವೀಡನ್ನಿನಲ್ಲಿ 61,433 ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಊಟದಲ್ಲಿ ಮೆಗ್ನೀಸಿಯಂ ಹೆಚ್ಚಿದ್ದವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಕಡಿಮೆ ಕಂಡಿತ್ತು. ಕಾಯಿಲೆ ಬರುವ ಮೊದಲಿನ ಊಟದ ಬಗ್ಗೆ ಅದು ಹೇಳಿದ ಮಾತು. ಇಡೀ ಕಾಳು, ಬೇಳೆ, ಸೊಪ್ಪು ತಿನ್ನುವವರ ಬದುಕಿನಲ್ಲಿ ಮೆಗ್ನೀಸಿಯಂ ಒಂದೇ ಬೇರೆಯಾಗಿರುವುದಿಲ್ಲ. ಅದರಿಂದ ಮಾತ್ರೆಗೂ ಬಂದ ಕ್ಯಾನ್ಸರಿನ ಚಿಕಿತ್ಸೆಗೂ ಜಿಗಿಯಲು ಬರುವುದಿಲ್ಲ. ರಾಗಿಯಲ್ಲಿ 100 ಗ್ರಾಮಿಗೆ ಸುಮಾರು 140 ಮಿಲಿಗ್ರಾಂ ಮೆಗ್ನೀಸಿಯಂ ಇದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 20ರ ಆಸುಪಾಸು. ತಿನ್ನಲು ಆಗುವವರು ಧಾರಾಳವಾಗಿ ರಾಗಿ ತಿನ್ನಲಿ. ಆದರೆ ಸೆಟುಕ್ಸಿಮಾಬ್‌ನಿಂದಾದ ಸೋರಿಕೆಯನ್ನು ಮುದ್ದೆಯಿಂದ ತುಂಬಿಸಲು ಆಗದು. ಮಾತ್ರೆಗಳೋ ಭೇದಿ ಮಾಡಿಸುತ್ತವೆ, ಭೇದಿಯಲ್ಲಿ ಇನ್ನಷ್ಟು ಮೆಗ್ನೀಸಿಯಂ ಹೋಗುತ್ತದೆ.

ಆಕ್ಸಾಲಿಪ್ಲಾಟಿನ್ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಹಳೆಯ ಸಿಸ್ಟರ್‌ಗಳಿಗೆ ನೆನಪಿರಬಹುದು: ಒಂದು ಕಾಲದಲ್ಲಿ ಆಕ್ಸಾಲಿಪ್ಲಾಟಿನ್‌ಗೆ ಮುಂಚೆ ಒಂದು ಸಲ, ಆಮೇಲೆ ಒಂದು ಸಲ, ಕ್ಯಾಲ್ಸಿಯಂ ಗ್ಲುಕೋನೇಟ್ ಮತ್ತು ಮೆಗ್ನೀಸಿಯಂ ಸಲ್ಫೇಟ್ ಹರಿಸುತ್ತಿದ್ದರು, ಬೆರಳು ಜೋಮು ಹಿಡಿಯದಿರಲಿ ಎಂದು. 2007ರಲ್ಲಿ ಅಮೆರಿಕದ ಒಂದು ಪ್ರಯೋಗವನ್ನು ನಡುವೆಯೇ ನಿಲ್ಲಿಸಿದರು. ಈ ಲವಣ ಪಡೆದವರಲ್ಲಿ ಗೆಡ್ಡೆ ಕರಗುವುದು ಕಡಿಮೆಯಾಗಿದೆ ಎಂದು ಉಸ್ತುವಾರಿ ಸಮಿತಿಗೆ ಅನ್ನಿಸಿತ್ತು. ಆಮೇಲೆ ಸ್ಕ್ಯಾನುಗಳನ್ನು ಹೊರಗಿನ ತಜ್ಞರು ನೋಡಿದಾಗ ಆ ವ್ಯತ್ಯಾಸ ಇರಲೇ ಇಲ್ಲ. ಅಷ್ಟರಲ್ಲಿ ಹೆದರಿಕೆ ಹಬ್ಬಿಯಾಗಿತ್ತು. ಕೊನೆಗೆ 2014ರಲ್ಲಿ 353 ರೋಗಿಗಳ ದೊಡ್ಡ ಪ್ರಯೋಗ ಹೇಳಿದ್ದು: ಗೆಡ್ಡೆಯ ಮಾತಿರಲಿ, ಜೋಮು ತಡೆಯಲೂ ಈ ಡ್ರಿಪ್ಪಿನಿಂದ ಪ್ರಯೋಜನವಿಲ್ಲ. ಆ ಪದ್ಧತಿ ನಿಂತಿತು, ನಿಂತದ್ದು ಸರಿ. ಆದರೆ ‘ಕಿಮೋ ರೋಗಿಗೆ ಮೆಗ್ನೀಸಿಯಂ ಹಾಕಬಾರದಂತೆ’ ಎಂಬ ಅರೆಬರೆ ನೆನಪು ಕೆಲವು ವಾರ್ಡುಗಳಲ್ಲಿ ಉಳಿದುಕೊಂಡಿದೆ. ಕೊರತೆ ಇಲ್ಲದವರಿಗೆ ಜೋಮು ತಡೆಯಲೆಂದು ಹಾಕುವುದು ಬೇರೆ, ಕೊರತೆ ಇರುವವರಿಗೆ ತುಂಬಿಕೊಡುವುದು ಬೇರೆ. ಇವೆರಡು ಎಂದೂ ಬೆರೆಯಬಾರದು.

ಜೋಮಿನ ವಿಷಯಕ್ಕೇ ಬಂದರೆ, ಕರುಳು ಕ್ಯಾನ್ಸರಿನ ಎಷ್ಟೋ ರೋಗಿಗಳು ಆಕ್ಸಾಲಿಪ್ಲಾಟಿನ್ ಮತ್ತು ಸೆಟುಕ್ಸಿಮಾಬ್ ಎರಡನ್ನೂ ಒಟ್ಟಿಗೆ ಪಡೆಯುತ್ತಾರೆ. ‘ಕೈಬೆರಳು ಜುಮ್ಮೆನ್ನುತ್ತೆ, ರಾತ್ರಿ ಮೀನಖಂಡ ಹಿಡಿದುಬಿಡುತ್ತೆ ಸಿಸ್ಟರ್’ ಎಂದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: ಅದು ಆಕ್ಸಾಲಿಪ್ಲಾಟಿನ್‌ದು, ಹಾಗೇ ಇರುತ್ತೆ. ತಣ್ಣೀರು ಮುಟ್ಟಿದಾಗ ಬರುವ ಜುಮ್ಮು ಆಕ್ಸಾಲಿಪ್ಲಾಟಿನ್‌ದೇ ಇರಬಹುದು. ಮೀನಖಂಡ ಸೆಳೆತ, ಕಣ್ಣರೆಪ್ಪೆ ಅದುರುವುದು, ತುಟಿಯ ಸುತ್ತ ಜುಮ್ಮು, ಏಳಲಾಗದಷ್ಟು ಸುಸ್ತು, ಎದೆ ದಡಬಡ ಎನ್ನುವುದು, ಇವು ಸೇರಿಕೊಂಡರೆ ಮೆಗ್ನೀಸಿಯಂ ನೋಡದೆ ಬಿಡಬೇಡಿ. ಸಾಮಾನ್ಯ ಮಟ್ಟ ಡೆಸಿಲೀಟರಿಗೆ ಸುಮಾರು 1.7ರಿಂದ 2.4 ಮಿಲಿಗ್ರಾಂ. 0.9ಕ್ಕಿಂತ ಕೆಳಗಿಳಿದರೆ ಅದು ಮೂರನೆಯ ದರ್ಜೆಯ ತೀವ್ರತೆ, 0.7ಕ್ಕಿಂತ ಕೆಳಗೆ ನಾಲ್ಕನೆಯದು. ಹೃದಯದ ಲಯ ತಪ್ಪಬಹುದಾದ, ಫಿಟ್ಸ್ ಬರಬಹುದಾದ ಮಟ್ಟ.

ಔಷಧಿಯ ಜೊತೆಗೆ ಬೇರೆ ಸೋರಿಕೆಗಳೂ ಕೂಡುತ್ತವೆ. ವಾಂತಿಯಲ್ಲಿ ಮೆಗ್ನೀಸಿಯಂ ಹೋಗುವುದು ಕಡಿಮೆ, ಲೀಟರಿಗೆ ಸುಮಾರು 1 ಮಿಲಿ ಈಕ್ವಿವಲೆಂಟ್. ಭೇದಿಯಲ್ಲಿ ಅದು 15ರವರೆಗೂ ಇರಬಹುದು. ಇರಿನೊಟೆಕಾನ್ ಭೇದಿ, ಕೆಪೆಸಿಟಬೈನ್ ಭೇದಿ, ಇಲಿಯೋಸ್ಟಮಿ ಚೀಲ ಪದೇಪದೇ ತುಂಬುವುದು, ಇವನ್ನೆಲ್ಲ ಅಳತೆಯೊಂದಿಗೆ ಬರೆದಿಡುವವರು ನೀವೊಬ್ಬರೇ. ಇನ್ನು ‘ಗ್ಯಾಸ್ ಮಾತ್ರೆ’. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಇಲ್ಲದ ಡಿಸ್ಚಾರ್ಜ್ ಕಾರ್ಡು ನಮ್ಮ ಕಡೆ ಅಪರೂಪ. ವರ್ಷಗಟ್ಟಲೆ ನುಂಗಿದರೆ ಇವು ಮೆಗ್ನೀಸಿಯಂ ಇಳಿಸಬಹುದು ಎಂದು ಎಫ್‌ಡಿಎ 2011ರಲ್ಲೇ ಎಚ್ಚರಿಸಿದೆ. ಅಂಥ ಕೆಲವರಲ್ಲಿ ಎಷ್ಟು ತುಂಬಿಸಿದರೂ ನಿಲ್ಲದೆ, ಗ್ಯಾಸ್ ಮಾತ್ರೆ ನಿಲ್ಲಿಸಿದ ಮೇಲೆಯೇ ಸರಿಹೋಯಿತು. ‘ಯಾವಾಗಿನಿಂದ ತಗೋತಿದ್ದೀರಿ?’ ಎಂದು ಒಮ್ಮೆ ಕೇಳಿ, ಉತ್ತರವನ್ನು ಡಾಕ್ಟರಿಗೆ ಕಾಣುವ ಹಾಗೆ ಫೈಲಿನ ಮೇಲೆ ಬರೆಯಿರಿ.

ಲ್ಯಾಬಿನವಳಾಗಿ ರಕ್ತ ತೆಗೆಯುವ ಬಗ್ಗೆ ಒಂದು ಕೋರಿಕೆ. ನೇರಳೆ ಮುಚ್ಚಳದ ಟ್ಯೂಬಿನಲ್ಲಿರುವ ಇಡಿಟಿಎ ಮೆಗ್ನೀಸಿಯಂ, ಕ್ಯಾಲ್ಸಿಯಂ ಎರಡನ್ನೂ ಕಚ್ಚಿ ಹಿಡಿಯುತ್ತದೆ. ಆ ಟ್ಯೂಬಿಗೆ ಮೊದಲು ರಕ್ತ ಹಾಕಿ, ಸೂಜಿಯ ತುದಿಗೆ ಅಂಟಿದ ಹನಿಯೊಂದಿಗೆ ಕೆಂಪು ಅಥವಾ ಹಳದಿ ಮುಚ್ಚಳದ ಟ್ಯೂಬಿಗೆ ಹಾಕಿದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಇಳಿದು ಪೊಟ್ಯಾಸಿಯಂ ಏರಿದಂತೆ ಕಾಣುತ್ತದೆ. ಎಲ್ಲ ಒಟ್ಟಿಗೆ ಹೀಗೆ ಕೆಟ್ಟಾಗ ನಮಗೆ ಅನುಮಾನ ಬರುತ್ತದೆ, ಮತ್ತೆ ಕಳಿಸಿ ಎನ್ನುತ್ತೇವೆ. ಅಷ್ಟು ಹೊತ್ತು ಚಿಕಿತ್ಸೆ ಕಾಯುತ್ತದೆ. ಇನ್ನೊಂದು ಕಡೆ, ಕೆಂಪು ರಕ್ತಕಣದೊಳಗೆ ಮೆಗ್ನೀಸಿಯಂ ಪ್ಲಾಸ್ಮಾದಲ್ಲಿರುವುದರ ಸುಮಾರು ಮೂರು ಪಟ್ಟು. ಸಿಕ್ಕದ ನರವನ್ನು ಕೆದಕಿ ಎಳೆದ ರಕ್ತ ಒಡೆದರೆ ನಿಜವಾದ ಕೊರತೆ ಮರೆಯಾಗಿ ಅಂಕಿ ಚೆನ್ನಾಗಿ ಕಾಣುತ್ತದೆ. ಕಿಮೋದಿಂದ ನರಗಳು ಹುರಿಯಾಗಿ ಹೋದವರಲ್ಲಿ ಇದು ಎಷ್ಟು ಕಷ್ಟ ಎಂದು ಬಲ್ಲೆ. ಡ್ರಿಪ್ ಹೋಗುತ್ತಿರುವ ಕೈಯಿಂದ ಮಾತ್ರ ತೆಗೆಯಬೇಡಿ, ಒಡೆದಿದೆ ಎನ್ನಿಸಿದರೆ ಚೀಟಿಯ ಮೇಲೆ ಬರೆಯಿರಿ.

ತುಂಬಿಸುವಾಗ ನಿಧಾನ ಮುಖ್ಯ. ನಿಮ್ಮ ಆಂಪೂಲಿನಲ್ಲಿ, 50% ದ್ರಾವಣದ 2 ಮಿಲಿಲೀಟರಿನಲ್ಲಿ, 1 ಗ್ರಾಂ ಸಲ್ಫೇಟ್ ಇದ್ದರೂ ಮೆಗ್ನೀಸಿಯಂ ಲೆಕ್ಕದಲ್ಲಿ ಸಿಗುವುದು ಸುಮಾರು 100 ಮಿಲಿಗ್ರಾಂ ಮಾತ್ರ. ಸರಕ್ಕನೆ ಹರಿಸಿದರೆ ರಕ್ತದ ಮಟ್ಟ ಒಮ್ಮೆಲೇ ಏರಿ ಮೂತ್ರಪಿಂಡ ಅರ್ಧದಷ್ಟನ್ನು ಹೊರಹಾಕಿಬಿಡುತ್ತದೆ. ಅಷ್ಟೂ ಕಷ್ಟ ನೀರುಪಾಲು. ಹೆರಿಗೆ ವಾರ್ಡಿನಲ್ಲಿ ಗರ್ಭನಂಜು ಏರಿದ ಗರ್ಭಿಣಿ, ಬಾಣಂತಿಯರಿಗೆ ಮ್ಯಾಗ್‌ಸಲ್ಫ್ ಕೊಟ್ಟವರಿಗೆ ಇದರ ಇನ್ನೊಂದು ಮುಖವೂ ಗೊತ್ತು: ಮಂಡಿಯ ಪ್ರತಿಕ್ರಿಯೆ ಇದೆಯೇ, ಉಸಿರು ಸರಿಯಿದೆಯೇ, ಮೂತ್ರ ಬರುತ್ತಿದೆಯೇ ನೋಡಿ, ಪಕ್ಕದಲ್ಲಿ ಕ್ಯಾಲ್ಸಿಯಂ ಗ್ಲುಕೋನೇಟ್ ಇಟ್ಟುಕೊಳ್ಳಬೇಕು. ಮೂತ್ರಪಿಂಡ ಸೋತ ಕ್ಯಾನ್ಸರ್ ರೋಗಿಗೂ ಅದೇ ಎಚ್ಚರ. ನಿಮ್ಮಲ್ಲಿ ಹೆರಿಗೆ ವಾರ್ಡಿನಿಂದ ಬಂದವರಿದ್ದರೆ ಉಳಿದವರಿಗೆ ಕಲಿಸಲಿ. ಇದಕ್ಕೆ ಸೆಮಿನಾರು ಬೇಕಿಲ್ಲ, ಟೀ ಹೊತ್ತು ಸಾಕು.

ಕೊನೆಯದಾಗಿ, ಸೆಟುಕ್ಸಿಮಾಬ್‌ನ ಕೊನೆಯ ಡೋಸು ಮುಗಿದ ದಿನದ ಬಗ್ಗೆ. ಅವತ್ತು ಎಲ್ಲರಿಗೂ ಸಮಾಧಾನ, ಮನೆಯವರು ಸ್ವೀಟ್ ಹಂಚುತ್ತಾರೆ. ಆದರೆ ಆಂಟಿಬಾಡಿ ರಕ್ತದಿಂದ ಇಳಿಯಲು ವಾರಗಳು ಬೇಕು, ಮೆಗ್ನೀಸಿಯಂ ಅಲ್ಲಿಯವರೆಗೂ ಸೋರುತ್ತಲೇ ಇರಬಹುದು. ಔಷಧಿಯ ಜೊತೆ ಬರುವ ಸೂಚನೆಯಲ್ಲೇ ಚಿಕಿತ್ಸೆ ಮುಗಿದ ಮೇಲೂ ಕನಿಷ್ಠ 8 ವಾರ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ನೋಡಬೇಕು ಎಂದಿದೆ. ಆ 8 ವಾರ ರೋಗಿ ಇರುವುದು ನಿಮ್ಮ ವಾರ್ಡಿನಲ್ಲಲ್ಲ. ತಮ್ಮ ಊರಲ್ಲಿ, ಮೆಗ್ನೀಸಿಯಂ ಪರೀಕ್ಷೆಯ ಹೆಸರೂ ಯಾರೂ ಎತ್ತದ ಕಡೆ. ಆದ್ದರಿಂದ ಕಾರ್ಡಿನ ಮೇಲೆ ಪರೀಕ್ಷೆ ಮಾಡಿಸಬೇಕಾದ ತಾರೀಖುಗಳನ್ನು ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಬರೆದುಕೊಡಿ. ‘ಮೀನಖಂಡ ಹಿಡಿದರೆ, ಎದೆ ದಡಬಡ ಎಂದರೆ ಈ ನಂಬರಿಗೆ ಫೋನ್ ಮಾಡಿ’ ಎಂದು ವಾರ್ಡಿನ ನಂಬರು ಬರೆಯಿರಿ. ಅವರಿಗೆ ಹತ್ತಿರದ ಲ್ಯಾಬಿನಲ್ಲಿ ಮೆಗ್ನೀಸಿಯಂ ಮಾಡುತ್ತಾರೋ ಇಲ್ಲವೋ ಎಂದು ಹೊರಡುವ ಮೊದಲೇ ವಿಚಾರಿಸಿ. ಮಾಡದಿದ್ದರೆ ರಕ್ತವನ್ನು ನಮಗೆ ಕಳಿಸಲಿ, ಮಾಡಿಕೊಡುತ್ತೇವೆ.

ಗೌರವದಿಂದ,
ಬಯೋಕೆಮಿಸ್ಟ್ರಿ ವಿಭಾಗದ ಒಬ್ಬ ಅಧ್ಯಾಪಕಿ